ಕೊಟ್ಟ ಹಣ, ಕೇಳುವ ಹಕ್ಕು

ಕೈಸಾಲ ಕೊಟ್ಟವರು ದಾಕ್ಷಿಣ್ಯಕ್ಕೆ ಕಟ್ಟುಬಿದ್ದು ಕಾಯುತ್ತಾರೆ. ಕಾನೂನು ಮಾತ್ರ ಹಣ ಕೈಬಿಟ್ಟ ದಿನದಿಂದಲೇ ದಿನ ಎಣಿಸುತ್ತಿರುತ್ತದೆ. ಸಣ್ಣ ಮೊತ್ತದ ಬಾಕಿಯನ್ನು ನ್ಯಾಯಾಲಯದ ಮೂಲಕ ವಸೂಲು ಮಾಡುವ ದಾರಿಗಳು ಯಾವುವು? ಜನ ಎಡವುವುದು ಎಲ್ಲಿ?

ಮಗಳ ಕಾಲೇಜು ಫೀಸು ಕಟ್ಟಲು ನಾಳೆಯೇ ಕೊನೆಯ ದಿನ. ಅಪ್ಪನ ಆಪರೇಷನ್‌ಗೆ ಆಸ್ಪತ್ರೆಯವರು ಮುಂಗಡ ಕೇಳಿದ್ದಾರೆ. ಬೋರ್‌ವೆಲ್ ಬತ್ತಿದೆ, ತೋಟ ಒಣಗುವ ಮೊದಲು ಇನ್ನೊಂದು ಕೊರೆಸಬೇಕು. ಇಂಥ ಹೊತ್ತಿನಲ್ಲಿ ಬ್ಯಾಂಕಿನ ಅರ್ಜಿ, ಜಾಮೀನು, ಸಿಬಿಲ್ ಅಂಕ ಯಾವುದೂ ಒದಗಿ ಬರುವುದಿಲ್ಲ. ಒದಗುವವರು ನೆಂಟರು, ಜೊತೆಗೆ ಕೆಲಸ ಮಾಡುವವರು, ಎದುರು ಮನೆಯವರು. ಇಪ್ಪತ್ತು ಸಾವಿರವೋ ಐವತ್ತು ಸಾವಿರವೋ ಒಂದೂವರೆ ಲಕ್ಷವೋ ಕೈ ಬದಲಾಗುತ್ತದೆ. ಕಾಗದವಿಲ್ಲ, ಬಡ್ಡಿಯ ಮಾತಿಲ್ಲ. ‘ಸುಗ್ಗಿ ಮುಗಿದ ಕೂಡಲೇ ಕೊಟ್ಟುಬಿಡ್ತೀನಿ ಅಣ್ಣಾ’ ಎಂಬ ಒಂದು ಮಾತು ಸಾಕು. ನಮ್ಮ ಊರುಗಳಲ್ಲಿ ಎಷ್ಟೋ ಮದುವೆ, ಎಷ್ಟೋ ಮಕ್ಕಳ ಓದು, ಎಷ್ಟೋ ಗೃಹಪ್ರವೇಶ ನಡೆದಿರುವುದು ಇಂಥ ಕೈಸಾಲದ ಬಲದಲ್ಲಿ.

ಆ ಹಣ ಬಾರದೆ ಹೋದಾಗ ನಡೆಯುವುದು ಮಾತ್ರ ವಿಚಿತ್ರ. ಪಡೆದವರು ಎಂದಿನಂತೆ ಓಡಾಡಿಕೊಂಡಿರುತ್ತಾರೆ, ಕೊಟ್ಟವರು ತಲೆ ತಗ್ಗಿಸುತ್ತಾರೆ. ಮದುವೆ ಮನೆಯಲ್ಲಿ ಎದುರಾದರೆ ಕೇಳಲು ಮುಜುಗರ, ಫೋನಿನಲ್ಲಿ ಕೇಳಿದರೆ ‘ಇಷ್ಟು ಹಣಕ್ಕೆ ಹೀಗಾ?’ ಎಂಬ ಮಾತು. ಯುಗಾದಿಯಿಂದ ದೀಪಾವಳಿಗೆ, ದೀಪಾವಳಿಯಿಂದ ಸಂಕ್ರಾಂತಿಗೆ ವಾಯಿದೆ ಸರಿಯುತ್ತದೆ. ಕೊನೆಗೊಮ್ಮೆ ತಾಳ್ಮೆ ಕೆಟ್ಟು ವಕೀಲರ ಕಚೇರಿಯ ಮೆಟ್ಟಿಲೇರಿದಾಗ ವಕೀಲರು ಕೇಳುವ ಮೊದಲ ಪ್ರಶ್ನೆ, ‘ಕೊಟ್ಟದ್ದು ಯಾವತ್ತು?’

ಮೂರು ವರ್ಷದ ಗಡಿ

1963ರ ಕಾಲಮಿತಿ ಕಾಯ್ದೆಯ ಪ್ರಕಾರ, ಸಾಲವಾಗಿ ಕೊಟ್ಟ ಹಣದ ವಸೂಲಿಗೆ ದಾವೆ ಹೂಡಲು ಇರುವ ಅವಧಿ ಮೂರು ವರ್ಷ. ಮಾರಿದ ಸರಕಿನ ಬೆಲೆಗೂ ಮಾಡಿಕೊಟ್ಟ ಕೆಲಸದ ಕೂಲಿಗೂ ಅಷ್ಟೇ. ಈ ಮೂರು ವರ್ಷ ಎಲ್ಲಿಂದ ಶುರುವಾಗುತ್ತದೆ ಎಂಬುದರಲ್ಲಿ ಜನ ಹೆಚ್ಚು ಎಡವುತ್ತಾರೆ. ‘ಕೇಳಿದಾಗ ಕೊಡುತ್ತೇನೆ’ ಎಂಬ ಷರತ್ತಿನ ಸಾಲವಾದರೆ, ನಾವು ಕೇಳಿದ ದಿನದಿಂದ ಲೆಕ್ಕ ಶುರುವಾಗುತ್ತದೆ ಎಂದು ಬಹಳ ಮಂದಿ ನಂಬಿದ್ದಾರೆ. ಕಾನೂನು ಎಣಿಸುವುದು ಹಣ ಕೊಟ್ಟ ದಿನದಿಂದ. ಬೇಡಿಕೆಯ ಮೇಲೆ ಪಾವತಿಸಬೇಕಾದ ಪ್ರಾಮಿಸರಿ ನೋಟಿಗೂ ಹಾಗೆಯೇ, ನೋಟು ಬರೆದ ದಿನದಿಂದಲೇ ಲೆಕ್ಕ. ಕೇಳದೆ ಸುಮ್ಮನಿದ್ದ ಪ್ರತಿ ಹಬ್ಬವೂ ಆ ಮೂರು ವರ್ಷದಲ್ಲಿ ಕಳೆದುಹೋಗುತ್ತದೆ.

ಗಡಿಯನ್ನು ಮುಂದಕ್ಕೆ ತಳ್ಳುವ ದಾರಿಯೂ ಅದೇ ಕಾಯ್ದೆಯಲ್ಲಿದೆ. ಅವಧಿ ಮುಗಿಯುವ ಮೊದಲೇ ಸಾಲಗಾರರು ‘ಇಷ್ಟು ಹಣ ಕೊಡಬೇಕಾಗಿದೆ’ ಎಂದು ಬರೆದು ಸಹಿ ಹಾಕಿದರೆ, ಆ ಸಹಿಯ ದಿನದಿಂದ ಹೊಸದಾಗಿ ಮೂರು ವರ್ಷ ಸಿಗುತ್ತದೆ. ಒಂದಿಷ್ಟು ಹಣ ಮರಳಿಸಿ, ಆ ಪಾವತಿ ಅವರದೇ ಕೈಬರಹದಲ್ಲೋ ಸಹಿಯಲ್ಲೋ ದಾಖಲಾದರೂ ಇದೇ ಫಲ. ಅವಧಿ ಮುಗಿದೇ ಹೋಗಿದ್ದರೂ ಒಂದು ಕಿಂಡಿ ಉಳಿಯುತ್ತದೆ. 1872ರ ಕರಾರು ಕಾಯ್ದೆಯ 25ನೇ ಕಲಮಿನ ಪ್ರಕಾರ, ಹಳೆಯ ಬಾಕಿಯನ್ನು ತೀರಿಸುತ್ತೇನೆಂದು ಸಾಲಗಾರರು ಬರೆದು ಸಹಿ ಹಾಕಿದರೆ ಆ ಮಾತನ್ನು ನ್ಯಾಯಾಲಯ ಜಾರಿಗೊಳಿಸುತ್ತದೆ. ಆದರೆ ಅಷ್ಟರಲ್ಲಿ ಎಲ್ಲವೂ ಸಾಲಗಾರರ ಮನಸ್ಸಿಗೆ ಬಿಟ್ಟದ್ದಾಗಿರುತ್ತದೆ. ಎರಡೂವರೆ ವರ್ಷ ದಾಟುವ ಮೊದಲೇ ‘ಒಂದು ಚೀಟಿ ಬರೆದುಕೊಡಪ್ಪಾ, ನಿಧಾನವಾಗಿ ಕೊಡು’ ಎಂದು ಕೇಳುವುದು ಜಾಣತನ. ಅದರಿಂದ ಸಾಲಗಾರರಿಗೂ ಇನ್ನಷ್ಟು ಸಮಯ ಸಿಗುತ್ತದೆ.

ಒಂದು ಸ್ಟಾಂಪಿನ ಬೆಲೆ

ಕಾಗದವಿಲ್ಲದ ಸಾಲವೂ ಸಾಲವೇ. ಬ್ಯಾಂಕ್ ವರ್ಗಾವಣೆಯ ದಾಖಲೆ, ಯುಪಿಐ ಪಾವತಿ, ‘ನಿಮ್ಮ ಐವತ್ತು ಸಾವಿರ ಮುಂದಿನ ತಿಂಗಳು ಹಾಕ್ತೀನಿ’ ಎಂಬ ವಾಟ್ಸ್ಆ್ಯಪ್ ಸಂದೇಶ, ಹಣ ಕೊಟ್ಟಾಗ ಎದುರಿಗಿದ್ದವರ ಸಾಕ್ಷಿ, ಇವೆಲ್ಲ ಪುರಾವೆಗಳೇ. ಫೋನಿನಲ್ಲಿರುವುದನ್ನು ಮುದ್ರಿಸಿ ಕೊಟ್ಟರೆ ಮಾತ್ರ ಸಾಲದು, ಅದಕ್ಕೆ ನಿಗದಿತ ಪ್ರಮಾಣಪತ್ರ ಜೊತೆಗಿರಬೇಕು. ಹಿಂದೆ ಇದು ಸಾಕ್ಷ್ಯ ಕಾಯ್ದೆಯ 65ಬಿ ಕಲಮಿನಲ್ಲಿತ್ತು. 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿಗೆ ಬಂದಿದೆ. ಫೋನು ಬದಲಿಸುವಾಗ ಹಳೆಯ ಮಾತುಕತೆ ಅಳಿಸಿಹೋಗದಂತೆ ನೋಡಿಕೊಳ್ಳುವುದು ಈಗ ರಸೀದಿ ಜೋಪಾನ ಮಾಡಿದಷ್ಟೇ ಮುಖ್ಯ.

ಇವೆಲ್ಲಕ್ಕಿಂತ ಗಟ್ಟಿಯಾದದ್ದು ಪ್ರಾಮಿಸರಿ ನೋಟು, ಜನರ ಬಾಯಲ್ಲಿ ಪ್ರೋನೋಟು. 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆ ಇದಕ್ಕೆ ಕೊಟ್ಟಿರುವ ಬಲ ದೊಡ್ಡದು. ಸಹಿ ಸಾಬೀತಾದರೆ ಹಣ ಸಂದಿದೆ ಎಂದೇ ನ್ಯಾಯಾಲಯ ಭಾವಿಸಿಕೊಂಡು ಮುಂದುವರಿಯುತ್ತದೆ, ಇಲ್ಲವೆಂದು ತೋರಿಸುವ ಹೊಣೆ ಸಾಲಗಾರರದ್ದಾಗುತ್ತದೆ. ನೋಟಿನಲ್ಲಿ ಮೊತ್ತ ಅಂಕಿಯಲ್ಲೂ ಅಕ್ಷರದಲ್ಲೂ ಇರಲಿ. ದಿನಾಂಕ, ಊರು, ಬಡ್ಡಿಯ ದರ ಸ್ಪಷ್ಟವಾಗಿರಲಿ. ರೆವಿನ್ಯೂ ಸ್ಟಾಂಪು ಅಂಟಿಸಿ, ಸಹಿ ಅದರ ಮೇಲೆ ಹಾದುಹೋಗುವಂತೆ ಮಾಡಿಸಿ. ಈ ಪುಟ್ಟ ಸ್ಟಾಂಪನ್ನು ಹಗುರವಾಗಿ ನೋಡಬಾರದು. ಬೇರೆ ಎಷ್ಟೋ ಪತ್ರಗಳಿಗೆ ಮುದ್ರಾಂಕ ಕಡಿಮೆಯಾಗಿದ್ದರೆ ದಂಡ ಕಟ್ಟಿ ಸರಿಪಡಿಸಿಕೊಳ್ಳಬಹುದು, ಪ್ರಾಮಿಸರಿ ನೋಟಿಗೆ ಆ ಅವಕಾಶವಿಲ್ಲ. ಸ್ಟಾಂಪಿಲ್ಲದ ನೋಟನ್ನು ಸಾಕ್ಷ್ಯವಾಗಿ ಒಪ್ಪಲು ಬರುವುದೇ ಇಲ್ಲ. ಸ್ಟಾಂಪನ್ನು ಸಹಿಯಿಂದ ರದ್ದುಪಡಿಸದಿದ್ದರೂ ಅದು ಸ್ಟಾಂಪಿಲ್ಲದ ನೋಟಿಗೆ ಸಮ.

ಇನ್ನೊಂದು ಎಚ್ಚರಿಕೆ. ಬಡ್ಡಿಗೆ ಹಣ ಕೊಡುವುದನ್ನೇ ಕಸುಬು ಮಾಡಿಕೊಂಡವರಿಗೆ 1961ರ ಕರ್ನಾಟಕ ಲೇವಾದೇವಿಗಾರರ ಕಾಯ್ದೆಯಡಿ ಪರವಾನಗಿ ಬೇಕು. ಪರವಾನಗಿಯಿಲ್ಲದ ಲೇವಾದೇವಿಗಾರರ ದಾವೆ ನಿಲ್ಲುವುದಿಲ್ಲ. ಕಷ್ಟಕ್ಕೆಂದು ಒಮ್ಮೆ ಕೈಸಾಲ ಕೊಟ್ಟವರು ಈ ವ್ಯಾಖ್ಯೆಯೊಳಗೆ ಬರುವುದಿಲ್ಲ. ಆದರೂ ಪ್ರತಿವಾದಿಯ ಕಡೆಯಿಂದ ಈ ಆಕ್ಷೇಪ ಬರುವುದು ಸಾಮಾನ್ಯ, ಉತ್ತರ ಸಿದ್ಧವಿರಬೇಕು. ಇಪ್ಪತ್ತು ಸಾವಿರ ಅಥವಾ ಅದಕ್ಕೆ ಮೇಲ್ಪಟ್ಟ ಸಾಲವನ್ನು ನಗದಿನಲ್ಲಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸಿದೆ. ಬ್ಯಾಂಕಿನ ಮೂಲಕ ಕೊಟ್ಟರೆ ಈ ತೊಡಕೂ ತಪ್ಪುತ್ತದೆ, ಪುರಾವೆಯೂ ತಾನಾಗಿಯೇ ಉಳಿಯುತ್ತದೆ.

ನೋಟಿಸಿನಿಂದ ಡಿಕ್ರಿವರೆಗೆ

ಮೊದಲ ಹೆಜ್ಜೆ ಲಿಖಿತ ನೋಟಿಸು. ಯಾವಾಗ, ಎಷ್ಟು, ಹೇಗೆ ಕೊಟ್ಟದ್ದು, ಎಷ್ಟು ಮರಳಿ ಬಂತು, ಇನ್ನೆಷ್ಟು ಬಾಕಿ, ಎಷ್ಟು ದಿನದಲ್ಲಿ ಕೊಡಬೇಕು ಎಂಬುದು ಒಂದೇ ಪುಟದಲ್ಲಿ ತಣ್ಣಗೆ ಬರೆದಿರಬೇಕು. ಬಯ್ಗುಳ, ಬೆದರಿಕೆ ಬೇಡ. ಮುಂದೆ ನ್ಯಾಯಾಧೀಶರು ಓದುವ ಕಾಗದ ಅದು. ಬಡ್ಡಿಯ ಒಪ್ಪಂದ ಇಲ್ಲದಿದ್ದರೂ ನೋಟಿಸಿನಲ್ಲಿ ಬಡ್ಡಿ ಕೇಳಿದ್ದರೆ, 1978ರ ಬಡ್ಡಿ ಕಾಯ್ದೆಯಡಿ ನೋಟಿಸಿನ ದಿನದಿಂದ ಬಡ್ಡಿ ಕೊಡಿಸುವ ಅಧಿಕಾರ ನ್ಯಾಯಾಲಯಕ್ಕಿದೆ. ಎಷ್ಟೋ ಬಾಕಿಗಳು ಈ ಹಂತದಲ್ಲೇ ಇತ್ಯರ್ಥವಾಗುತ್ತವೆ. ಕೇಳುವವರು ಗಂಭೀರವಾಗಿದ್ದಾರೆ ಎಂಬುದು ಮೊದಲ ಸಲ ಮನವರಿಕೆಯಾಗುವುದು ಅಂಚೆಯವರು ಆ ಲಕೋಟೆ ಕೊಟ್ಟಾಗ.

ಇತ್ಯರ್ಥವಾಗದಿದ್ದರೆ ದಾವೆ. ಪ್ರತಿವಾದಿ ವಾಸಿಸುವ ಅಥವಾ ವ್ಯವಹಾರ ನಡೆದ ಊರಿನ ಸಿವಿಲ್ ನ್ಯಾಯಾಲಯದಲ್ಲಿ ವಾದಪತ್ರ ಸಲ್ಲಿಸಬೇಕು. ಕನ್ನಡದಲ್ಲೇ ಬರೆಯಬಹುದು. ವಕೀಲರಿಲ್ಲದೆ ಖುದ್ದಾಗಿ ವಾದ ಮಂಡಿಸುವ ಹಕ್ಕೂ ಇದೆ. ಕೇಳುವ ಮೊತ್ತಕ್ಕೆ ತಕ್ಕಂತೆ ಕೋರ್ಟು ಶುಲ್ಕ ಕಟ್ಟಬೇಕಾಗುತ್ತದೆ. ಗೆದ್ದರೆ ಈ ಖರ್ಚನ್ನು ಎದುರಿನವರಿಂದ ಕೊಡಿಸುವಂತೆ ಕೇಳಬಹುದು. ಶುಲ್ಕ ಕಟ್ಟಲು ನಿಜವಾಗಿಯೂ ಶಕ್ತಿಯಿಲ್ಲದವರಿಗೆ ನಿರ್ಗತಿಕ ವಾದಿಯಾಗಿ ದಾವೆ ಹೂಡುವ ಅವಕಾಶವನ್ನು ಸಿವಿಲ್ ಪ್ರಕ್ರಿಯಾ ಸಂಹಿತೆ ಕೊಟ್ಟಿದೆ.

ಪ್ರಾಮಿಸರಿ ನೋಟು, ಹುಂಡಿ ಅಥವಾ ಲಿಖಿತ ಕರಾರು ಕೈಯಲ್ಲಿದ್ದರೆ ಸಂಹಿತೆಯ 37ನೇ ಆದೇಶದಡಿ ಸಂಕ್ಷಿಪ್ತ ದಾವೆ ಹಾಕಬಹುದು. ಸಮನ್ಸ್ ತಲುಪಿದ ಹತ್ತು ದಿನದೊಳಗೆ ಪ್ರತಿವಾದಿ ಹಾಜರಿ ಹಾಕಬೇಕು. ಆಮೇಲೆಯೂ ಸುಮ್ಮನೆ ತಕರಾರು ತೆಗೆಯುವಂತಿಲ್ಲ. ತನ್ನ ಬಳಿ ನಿಜವಾದ ವಾದವಿದೆ ಎಂದು ತೋರಿಸಿ ನ್ಯಾಯಾಲಯದ ಅನುಮತಿ ಪಡೆಯಬೇಕು. ಅನುಮತಿ ಸಿಗದಿದ್ದರೆ ಅಲ್ಲಿಗೇ ಡಿಕ್ರಿ. ಹಣ ಕೊಡುವ ಹೊತ್ತಿನಲ್ಲಿ ಬರೆದ ಒಂದು ಕಾಗದ ವರ್ಷಗಳನ್ನು ಉಳಿಸುವುದು ಹೀಗೆ.

ಪೊಲೀಸ್ ಠಾಣೆಗೆ ಹೋಗಿ ‘ಕರೆಸಿ ಕೇಳಿ’ ಎನ್ನುವುದು ನಮ್ಮಲ್ಲಿ ರೂಢಿ. ಸಾಲ ತೀರಿಸದಿರುವುದಷ್ಟೇ ಅಪರಾಧವಾಗುವುದಿಲ್ಲ. ಪಡೆಯುವಾಗಲೇ ಮೋಸದ ಉದ್ದೇಶವಿತ್ತು ಎಂಬುದಕ್ಕೆ ಆಧಾರವಿದ್ದರೆ ಮಾತ್ರ ವಂಚನೆಯ ಪ್ರಕರಣ. ಸಿವಿಲ್ ವ್ಯಾಜ್ಯಕ್ಕೆ ಕ್ರಿಮಿನಲ್ ಬಣ್ಣ ಬಳಿಯುವುದನ್ನು ಸುಪ್ರೀಂ ಕೋರ್ಟ್ ಮತ್ತೆ ಮತ್ತೆ ಖಂಡಿಸಿದೆ. ಠಾಣೆಯ ಓಡಾಟದಲ್ಲಿ ಕಳೆದ ತಿಂಗಳುಗಳನ್ನು ಕಾಲಮಿತಿ ಕಾಯ್ದೆ ಮರಳಿ ಕೊಡುವುದಿಲ್ಲ.

ಚೆಕ್ ಬೌನ್ಸ್: ದಿನ ತಪ್ಪಿದರೆ ಕೇಸು ತಪ್ಪಿತು

ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಗೆ ಸೇರಿಸಲಾಗಿ 1989ರ ಏಪ್ರಿಲ್ 1ರಂದು ಜಾರಿಗೆ ಬಂದ 138ನೇ ಕಲಮು ಸಾಲ ಕೊಟ್ಟವರ ಕೈಗೆ ಬೇರೊಂದು ಬಲ ಕೊಟ್ಟಿತು. ಬಾಕಿ ತೀರಿಸಲು ಕೊಟ್ಟ ಚೆಕ್ ಹಣವಿಲ್ಲದೆ ವಾಪಸಾದರೆ ಅದು ಅಪರಾಧ. ಎರಡು ವರ್ಷದವರೆಗೆ ಸೆರೆವಾಸ, ಚೆಕ್ ಮೊತ್ತದ ಎರಡು ಪಟ್ಟಿನವರೆಗೆ ದಂಡ, ಅಥವಾ ಎರಡೂ. 2018ರ ತಿದ್ದುಪಡಿಯ ನಂತರ, ವಿಚಾರಣೆ ನಡೆಯುತ್ತಿರುವಾಗಲೇ ಮೊತ್ತದ ಶೇ 20ರವರೆಗೆ ಮಧ್ಯಂತರ ಪರಿಹಾರ ಕೊಡಿಸುವ ಅಧಿಕಾರವೂ ನ್ಯಾಯಾಲಯಕ್ಕಿದೆ. ದೂರು ದಾಖಲಿಸಬೇಕಾದದ್ದು ಹಣ ಪಡೆಯಬೇಕಾದವರ ಖಾತೆ ಇರುವ ಶಾಖೆಯ ವ್ಯಾಪ್ತಿಯಲ್ಲಿ. ಹಾಗಾಗಿ ದೂರದೂರಿಗೆ ಅಲೆಯಬೇಕಿಲ್ಲ.

ಆದರೆ ಇಲ್ಲಿ ಲೆಕ್ಕ ವರ್ಷದ್ದಲ್ಲ, ದಿನದ್ದು. ಉದಾಹರಣೆಗೆ, ಜನವರಿ 10ರ ದಿನಾಂಕದ ಚೆಕ್. ಮೂರು ತಿಂಗಳೊಳಗೆ ಅದನ್ನು ಬ್ಯಾಂಕಿಗೆ ಹಾಕಬೇಕು. ಹಣವಿಲ್ಲವೆಂಬ ಬ್ಯಾಂಕಿನ ಮೆಮೊ ಫೆಬ್ರುವರಿ 3ರಂದು ಕೈಸೇರಿತು ಎನ್ನೋಣ. 30 ದಿನದೊಳಗೆ, ಅಂದರೆ ಮಾರ್ಚ್ 5ರೊಳಗೆ ನೋಟಿಸು ಹೋಗಬೇಕು. ಅದು ಮಾರ್ಚ್ 10ರಂದು ತಲುಪಿದರೆ ಹಣ ಕಟ್ಟಲು ಅವರಿಗೆ 15 ದಿನ, ಮಾರ್ಚ್ 25ರವರೆಗೆ. ಕಟ್ಟದಿದ್ದರೆ ಅಲ್ಲಿಂದ ಒಂದು ತಿಂಗಳೊಳಗೆ, ಏಪ್ರಿಲ್ 25ರ ಒಳಗೆ, ದೂರು ಮ್ಯಾಜಿಸ್ಟ್ರೇಟರ ಮುಂದಿರಬೇಕು. ದೂರು ತಡವಾದರೆ ಸಕಾರಣ ತೋರಿಸಿ ಮನ್ನಿಸಲು ಕೇಳಬಹುದು. ನೋಟಿಸು ತಡವಾದರೆ ಆ ದಾರಿಯೂ ಇಲ್ಲ.

ಚೆಕ್ ಕೇಸು ಹಾಕಿದವರು ಮರೆಯುವ ಸಂಗತಿ ಇನ್ನೊಂದಿದೆ. ಈ ಪ್ರಕರಣ ನಡೆಯುತ್ತಿದೆ ಎಂಬ ಕಾರಣಕ್ಕೆ ಹಣದ ದಾವೆಯ ಮೂರು ವರ್ಷ ನಿಲ್ಲುವುದಿಲ್ಲ. ಕ್ರಿಮಿನಲ್ ಪ್ರಕರಣ ವರ್ಷಗಟ್ಟಲೆ ಎಳೆದು ಕೊನೆಗೆ ತಾಂತ್ರಿಕ ಕಾರಣಕ್ಕೆ ಬಿದ್ದರೆ, ಅಷ್ಟರಲ್ಲಿ ಸಿವಿಲ್ ಬಾಗಿಲೂ ಮುಚ್ಚಿರುತ್ತದೆ. ಎರಡನ್ನೂ ಜೊತೆಯಲ್ಲಿ ನಡೆಸಲು ಕಾನೂನಿನ ಅಡ್ಡಿಯಿಲ್ಲ.

ಸಾಲ ಪಡೆಯುವವರಿಗೂ ಒಂದು ಮಾತು. ಭದ್ರತೆಗೆಂದು ಸಹಿ ಹಾಕಿದ ಖಾಲಿ ಚೆಕ್ ಕೊಡಬೇಡಿ. ಖಾಲಿ ಚೆಕ್ಕನ್ನು ಬೇರೆಯವರು ತುಂಬಿದ್ದರೂ ಸಹಿ ಮಾಡಿದವರ ಹೊಣೆ ತಪ್ಪುವುದಿಲ್ಲ ಎಂದು 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಹೆಸರಿಗೆ ಉಳಿದ ಲಘು ವ್ಯವಹಾರ

ಸಣ್ಣ ಬಾಕಿಗೆ ಸರಳ ನ್ಯಾಯಾಲಯ ಬೇಕೆಂಬ ಆಲೋಚನೆ ಹೊಸದೇನಲ್ಲ. ಇಂಗ್ಲೆಂಡಿನಲ್ಲಿ ಸಣ್ಣ ಸಾಲಗಳ ಸುಲಭ ವಸೂಲಿಗೆಂದೇ 1846ರಲ್ಲಿ ಕೌಂಟಿ ನ್ಯಾಯಾಲಯಗಳ ಕಾಯ್ದೆ ಬಂತು. 1850ರ ಕಾಯ್ದೆಯ ಮೂಲಕ ಕಲ್ಕತ್ತ, ಮದರಾಸು, ಬೊಂಬಾಯಿಗಳಿಗೆ ಸ್ಮಾಲ್ ಕಾಸಸ್ ಕೋರ್ಟುಗಳು ಬಂದವು. ಉಳಿದ ಪ್ರಾಂತ್ಯಗಳಿಗೆ 1887ರ ಕಾಯ್ದೆ. ನಮ್ಮ ರಾಜ್ಯಕ್ಕೆ 1964ರಲ್ಲಿ ತನ್ನದೇ ಕಾಯ್ದೆ ಸಿಕ್ಕಿತು. ಬೆಂಗಳೂರಿನಲ್ಲಿ ಲಘು ವ್ಯವಹಾರಗಳ ನ್ಯಾಯಾಲಯವೇ ಇದೆ. ಇಂಥ ದಾವೆಗಳಲ್ಲಿ ಸಾಕ್ಷ್ಯವನ್ನು ಸಂಕ್ಷಿಪ್ತವಾಗಿ ದಾಖಲಿಸಿಕೊಂಡು ತೀರ್ಪು ಕೊಡಬಹುದು. ನಿಯಮಿತ ಮೇಲ್ಮನವಿಯ ಎಳೆದಾಟವಿಲ್ಲ, ಪುನರ್‌ಪರಿಶೀಲನೆಯಷ್ಟೇ.

ಕಾಗದದ ಮೇಲೆ ಇದು ಚೆಂದ. ಆದರೆ ಬೆಂಗಳೂರಿನ ಲಘು ವ್ಯವಹಾರಗಳ ನ್ಯಾಯಾಧೀಶರೇ ಮೋಟಾರು ವಾಹನ ಅಪಘಾತ ಪರಿಹಾರ ನ್ಯಾಯಮಂಡಳಿಯ ಸದಸ್ಯರೂ ಆಗಿದ್ದಾರೆ. ಕೈಕಾಲು ಕಳೆದುಕೊಂಡವರ, ದುಡಿಯುವ ಮಗನನ್ನು ಕಳೆದುಕೊಂಡವರ ಅರ್ಜಿಗಳು ಆ ಕೊಠಡಿಗಳನ್ನು ತುಂಬಿವೆ. ಅವು ಮೊದಲು ಇತ್ಯರ್ಥವಾಗಬೇಕಾದವೇ. ಆದರೆ ಐವತ್ತು ಸಾವಿರಕ್ಕಾಗಿ ಬಂದ ದರ್ಜಿ, ಮನೆ ಖಾಲಿ ಮಾಡಿ ಅಡ್ವಾನ್ಸು ಸಿಗದೆ ಅಲೆಯುತ್ತಿರುವ ಬಾಡಿಗೆದಾರ, ಬಿಲ್ಲಿನ ಹಣ ಬಾರದ ಎಲೆಕ್ಟ್ರಿಷಿಯನ್ ಎಲ್ಲಿಗೆ ಹೋಗಬೇಕು? ತಾಲ್ಲೂಕು ಕೇಂದ್ರಗಳಲ್ಲಿ ಜಮೀನು ವಿಭಾಗದ ವ್ಯಾಜ್ಯ ನೋಡುವ ನ್ಯಾಯಾಧೀಶರೇ ಇದನ್ನೂ ನೋಡಬೇಕು. ಇಂಗ್ಲೆಂಡಿನಲ್ಲಿ ಇವತ್ತು 10,000 ಪೌಂಡ್‌ವರೆಗಿನ ಬಾಕಿಗೆ ಸಾಮಾನ್ಯರು ವಕೀಲರಿಲ್ಲದೆ, ಆನ್‌ಲೈನ್ ನಮೂನೆ ತುಂಬಿ ನ್ಯಾಯಾಲಯದ ಮುಂದೆ ನಿಲ್ಲುತ್ತಾರೆ. ಅದೇ ಬೇರಿನಿಂದ ನಮಗೆ ಬಂದ ವ್ಯವಸ್ಥೆ ಇಲ್ಲಿ ಬೆಳೆಯಲಿಲ್ಲ.

ಸುತ್ತುದಾರಿಗಳು ಕೆಲವಿವೆ, ಅರಿತವರಿಗೆ ಅವು ಹತ್ತಿರದ ದಾರಿಗಳು. ದುಡ್ಡು ಪಡೆದು ಸೇವೆ ಕೊಡದವರ ವಿರುದ್ಧ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ಐದು ಲಕ್ಷದವರೆಗಿನ ವ್ಯವಹಾರಕ್ಕೆ ಅಲ್ಲಿ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ. ಉದ್ಯಮ್ ನೋಂದಣಿಯಿರುವ ಸಣ್ಣ ಕಾರ್ಖಾನೆಯ ಬಿಲ್ಲನ್ನು ದೊಡ್ಡ ಕಂಪನಿ ಹೆಚ್ಚೆಂದರೆ 45 ದಿನದಲ್ಲಿ ತೀರಿಸಬೇಕು. ತಪ್ಪಿದರೆ ಸಣ್ಣ ಉದ್ಯಮಗಳ ಕುರಿತ 2006ರ ಕಾಯ್ದೆಯಡಿ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಚೀಟಿ ಹಣದ ತಕರಾರು ಹೋಗಬೇಕಾದದ್ದು ಚಿಟ್ ರಿಜಿಸ್ಟ್ರಾರರ ಬಳಿಗೆ.

ಎಲ್ಲಕ್ಕಿಂತ ಹತ್ತಿರದ್ದು ಲೋಕ ಅದಾಲತ್. ಕೇಸು ಹಾಕುವ ಮೊದಲೇ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಬಹುದು. ಅಲ್ಲಿ ಆದ ರಾಜಿಗೆ ಡಿಕ್ರಿಯ ಬಲವಿದೆ, ಮೇಲ್ಮನವಿ ಇಲ್ಲ, ದಾವೆ ಹೂಡಿದ್ದರೆ ಕಟ್ಟಿದ ಕೋರ್ಟು ಶುಲ್ಕ ವಾಪಸು ಬರುತ್ತದೆ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ, ಕಡಿಮೆ ಆದಾಯದವರಿಗೆ ಉಚಿತವಾಗಿ ವಕೀಲರನ್ನೂ ಕೊಡುತ್ತಾರೆ. ಸಹಾಯವಾಣಿ 15100.

ಡಿಕ್ರಿ ಬಂತು, ಹಣ ಬಂತೇ?

ಗೆದ್ದ ಮೇಲೆ ಎರಡನೆಯ ಹೋರಾಟ. ಡಿಕ್ರಿ ಕೈಗೆ ಬಂದರೆ ಹಣ ಬಂದಂತಲ್ಲ. ಎದುರಿನವರು ತಾವಾಗಿ ಕಟ್ಟದಿದ್ದರೆ ಅಮಲ್ಜಾರಿ ಅರ್ಜಿ ಹಾಕಬೇಕು. ಅದಕ್ಕೆ 12 ವರ್ಷದ ಅವಧಿಯಿದೆ. ಸಾಲಗಾರರ ಆಸ್ತಿಯ ವಿವರವನ್ನು ಪ್ರಮಾಣಪತ್ರದ ಮೇಲೆ ಸಲ್ಲಿಸುವಂತೆ ಕೇಳಬಹುದು. ಬ್ಯಾಂಕ್ ಖಾತೆ, ವಾಹನ, ನಿವೇಶನ, ಸಂಬಳದ ಒಂದು ಭಾಗ ಜಪ್ತಿಗೆ ಒಳಪಡುತ್ತವೆ. ಇಂಥ ಅರ್ಜಿಗಳನ್ನು ಆರು ತಿಂಗಳೊಳಗೆ ಮುಗಿಸಬೇಕೆಂದು 2021ರಲ್ಲಿ ಸುಪ್ರೀಂ ಕೋರ್ಟ್ ನಿರ್ದೇಶಿಸಿತು. ಬೆಂಗಳೂರಿನ ಆಸ್ತಿ ವ್ಯಾಜ್ಯವೊಂದರಲ್ಲಿ ಬಂದ ತೀರ್ಪು ಅದು. 2025ರಲ್ಲಿ ಅದೇ ನ್ಯಾಯಾಲಯ ಲೆಕ್ಕ ಕೇಳಿದಾಗ ದೇಶದಲ್ಲಿ ಎಂಟು ಲಕ್ಷಕ್ಕೂ ಹೆಚ್ಚು ಅಮಲ್ಜಾರಿ ಅರ್ಜಿಗಳು ಬಾಕಿ ಇರುವುದು ತಿಳಿದುಬಂತು. ಗೆದ್ದೂ ಕಾಯುತ್ತಿರುವವರ ಸಾಲು ಅದು.

ಈ ಹಂತದಲ್ಲೇ ಕಾನೂನಿನ ಕರುಣೆಯೂ ಕಾಣುತ್ತದೆ. ಸಂಹಿತೆಯ 60ನೇ ಕಲಮು ಜಪ್ತಿ ಮಾಡಬಾರದ ವಸ್ತುಗಳನ್ನು ಪಟ್ಟಿ ಮಾಡಿದೆ: ಉಡುವ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ, ಕುಶಲಕರ್ಮಿಯ ಸಲಕರಣೆ, ರೈತನ ಉಳುಮೆಯ ಸಾಧನ, ಧಾರ್ಮಿಕ ರೂಢಿಯಂತೆ ಹೆಣ್ಣುಮಗಳು ತೆಗೆಯಬಾರದ ಒಡವೆ. ಹಣದ ಡಿಕ್ರಿಗಾಗಿ ಮಹಿಳೆಯರನ್ನು ಬಂಧಿಸುವಂತಿಲ್ಲ. 1980ರ ಜಾಲಿ ಜಾರ್ಜ್ ವರ್ಗೀಸ್ ಪ್ರಕರಣದಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರು ಬರೆದ ತೀರ್ಪಿನ ಪ್ರಕಾರ, ಕೊಡಲು ಗತಿಯಿಲ್ಲದ ಬಡವರನ್ನು ಸಾಲಕ್ಕಾಗಿ ಸೆರೆಗೆ ಹಾಕಬಾರದು. ಶಕ್ತಿಯಿದ್ದೂ ಕೆಟ್ಟ ಉದ್ದೇಶದಿಂದ ಕೊಡದವರಿಗೆ ಮಾತ್ರ ಆ ಶಿಕ್ಷೆ.

ನ್ಯಾಯಾಲಯದ ದಾರಿ ಉತ್ತಮವೆಂದು ನಾನು ನಂಬಲು ಇದೇ ಕಾರಣ. ವಸೂಲಿಗೆ ರೌಡಿಗಳನ್ನು ಕಳಿಸುವವರು ಒಲೆ, ತಾಳಿ, ಮಾನ ಯಾವುದನ್ನೂ ಬಿಡುವುದಿಲ್ಲ. ಕಿರು ಸಾಲದ ವಸೂಲಿಗೆ ಬಂದವರ ಕಿರುಕುಳ ತಾಳದೆ ಜನ ಊರು ಬಿಟ್ಟ, ಜೀವ ಕಳೆದುಕೊಂಡ ಸುದ್ದಿಗಳ ನಡುವೆಯೇ 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಬಲವಂತದ ವಸೂಲಿಯ ವಿರುದ್ಧ ಸುಗ್ರೀವಾಜ್ಞೆ ತರಬೇಕಾಯಿತು. ನ್ಯಾಯಯುತ ದಾರಿ ನಿಧಾನವಾದಷ್ಟೂ ಅನ್ಯಾಯದ ದಾರಿಗೆ ಗಿರಾಕಿಗಳು ಹೆಚ್ಚುತ್ತಾರೆ.

ಆಗಬೇಕಾದದ್ದು

ಇದಕ್ಕೆ ದೊಡ್ಡ ಕ್ರಾಂತಿ ಬೇಕಿಲ್ಲ. ಸಣ್ಣ ಬಾಕಿಗೆ ಎರಡು ಪುಟದ ಕನ್ನಡ ನಮೂನೆ. ಅದನ್ನು ತುಂಬಲು ನೆರವಾಗುವ ಒಬ್ಬ ಸಿಬ್ಬಂದಿ ಪ್ರತಿ ತಾಲ್ಲೂಕು ನ್ಯಾಯಾಲಯದಲ್ಲಿ. ವಾರದಲ್ಲಿ ಒಂದು ದಿನ ಇಂಥ ದಾವೆಗಳಿಗೇ ಮೀಸಲು. ಮೊದಲ ವಾಯಿದೆಯಲ್ಲೇ ರಾಜಿಯ ಪ್ರಯತ್ನ, ಆಗದಿದ್ದರೆ ಕೆಲವೇ ವಾಯಿದೆಗಳಲ್ಲಿ ತೀರ್ಪು. ಡಿಕ್ರಿಯಾದ ಮೇಲೆ ಗೆದ್ದವರು ಮತ್ತೊಂದು ಅರ್ಜಿ ಹಿಡಿದು ಮೊದಲಿನಿಂದ ಅಲೆಯದಂತೆ, ಅದೇ ಕಡತದಲ್ಲಿ ಅದೇ ನ್ಯಾಯಾಲಯ ವಸೂಲಿಯನ್ನೂ ನಡೆಸಿಕೊಡುವ ಏರ್ಪಾಡು. ಕಾನೂನಿನ ಅಡಿಪಾಯ 1964ರಿಂದ ಇದೆ. ಅದರ ಮೇಲೆ ಕಟ್ಟುವ ಹೊಣೆ ರಾಜ್ಯ ಸರ್ಕಾರದ್ದು ಮತ್ತು ಹೈಕೋರ್ಟಿನದ್ದು. ಮೊತ್ತ ಸಣ್ಣದೆಂದು ಪಕ್ಕಕ್ಕಿಡುವುದು ಸುಲಭ. ತಿಂಗಳಿಗೆ ಹದಿನೈದು ಸಾವಿರ ದುಡಿಯುವವರಿಗೆ ಐವತ್ತು ಸಾವಿರ ಎಂದರೆ ಮೂರು ತಿಂಗಳಿಗೂ ಮೇಲಿನ ಬೆವರು.

ಅದು ಆಗುವವರೆಗೆ ನಮ್ಮ ಕೈಯಲ್ಲಿರುವುದನ್ನು ನಾವು ಮಾಡೋಣ. ಕೊಡುವಾಗ ನಗುತ್ತಲೇ ಒಂದು ಕಾಗದ ಬರೆಸಿಕೊಳ್ಳಿ, ಪಡೆಯುವವರು ಕೇಳದಿದ್ದರೂ ಬರೆದುಕೊಡಿ. ಹಣ ಬ್ಯಾಂಕಿನ ಮೂಲಕ ಹೋಗಲಿ. ವಾಯಿದೆ ತಪ್ಪಿದ ತಿಂಗಳೇ ಮಾತಾಡಿ, ಕಂತು ಕಟ್ಟಿಕೊಡಿ, ಒಪ್ಪಿದ್ದನ್ನು ಬರೆದು ಸಹಿ ಹಾಕಿಸಿ. ಮಾತು ನಿಂತರೆ ನೋಟಿಸು ಕಳಿಸಿ, ಲೋಕ ಅದಾಲತ್‌ಗೆ ಕರೆಯಿರಿ, ಕೊನೆಗೆ ದಾವೆ ಹೂಡಿ. ಇವೆಲ್ಲ ಮೂರು ವರ್ಷದೊಳಗೆ ಆಗಬೇಕು. ಕೊಟ್ಟದ್ದನ್ನು ಕೇಳಿದರೆ ನೆಂಟಸ್ತಿಕೆ ಕೆಡುತ್ತದೆ ಎನ್ನುತ್ತಾರೆ. ನೆಂಟಸ್ತಿಕೆ ಕೆಡುವುದು ಪಡೆದವರು ಮುಖ ತಪ್ಪಿಸಿಕೊಂಡು ಓಡಾಡತೊಡಗಿದ ದಿನ. ಆ ದಿನ ಬರುವ ಮೊದಲೇ ಕೇಳುವವರು ತಮ್ಮ ಹಣದ ಜೊತೆಗೆ ಆ ಸಂಬಂಧವನ್ನೂ ಉಳಿಸಿಕೊಳ್ಳುವ ಅವಕಾಶ ಪಡೆಯುತ್ತಾರೆ.